ಈಜು ಬಂದರೂ ಜಾಕೆಟ್ ಹಾಕಿ

ಕೇಳುಗರಿಗೆ ನಮಸ್ಕಾರ. ಬೇಸಿಗೆ ಬಂತು. ಕ್ಯಾಲಿಫೋರ್ನಿಯಾದ ಬೇ ಏರಿಯಾದ ನಮ್ಮ ಕನ್ನಡದ ಮನೆಗಳಿಗೆ ಊರಿಂದ ಅಪ್ಪ ಅಮ್ಮ ಬಂದಿರುತ್ತಾರೆ, ಶನಿವಾರ ಎಲ್ಲರೂ ಬೆಟ್ಟಗಳ ನಡುವಿನ ಲೇಕ್ ಟಾಹೋ ಸರೋವರಕ್ಕೆ ಹೊರಡುತ್ತಾರೆ. ಹೋಗಿ. ಅದರ ದಡದ ಎಮರಾಲ್ಡ್ ಬೇ ಸ್ಟೇಟ್ ಪಾರ್ಕ್ ಮಾತ್ರ ನೋಡದೆ ಬರಬೇಡಿ. ಎಂಥ ನೀರು ಅದು! ನಡುವೆ ಫ್ಯಾನೆಟ್ ದ್ವೀಪ. ಇಡೀ ಸರೋವರಕ್ಕೆ ಇರುವುದೇ ಅದೊಂದು ದ್ವೀಪ. ದಡದಲ್ಲಿ 1929ರಲ್ಲಿ ಕಟ್ಟಿದ ವೈಕಿಂಗ್ಸ್‌ಹೋಮ್ ಬಂಗಲೆ.

ಆದರೆ ನೀರಿಗಿಳಿಯುವವರಿಗೆ ನನ್ನದು ಒಂದೇ ಮಾತು. ಲೈಫ್ ಜಾಕೆಟ್ ಹಾಕಿಕೊಳ್ಳಿ.

"ನಂಗೆ ಈಜು ಬರುತ್ತೆ" ಅಂತೀರಿ, ಅಲ್ವಾ? ಕಯಾಕ್ ಅನ್ನುವ ಸಣ್ಣ ದೋಣಿ ನಡೆಸಲು ಕಲಿಸುವಾಗ ನಾನು ಜಾಸ್ತಿ ಕೇಳುವ ಮಾತೇ ಇದು. ಒಂದು ಜೂನ್‌ನಲ್ಲಿ ತೀರ್ಥಹಳ್ಳಿ ಕಡೆಯ ಹುಡುಗ ಬಂದಿದ್ದ. ತುಂಗೆಯಲ್ಲಿ ಈಜಿ ಬೆಳೆದವನು. ಜಾಕೆಟ್ಟನ್ನು ಪ್ಯಾಡಲ್‌ಬೋರ್ಡಿನ, ಅಂದರೆ ಮೇಲೆ ನಿಂತು ಹುಟ್ಟು ಹಾಕುವ ಹಲಗೆಯ, ಮುಂದಿನ ಹಗ್ಗಕ್ಕೆ ಸಿಕ್ಕಿಸಿ ಹೊರಟ. ದಡದಿಂದ ಒಂದು ಕೂಗಳತೆ ಹೋಗಿರಲಿಲ್ಲ, ಗಾಳಿ ಬೀಸಿತು, ಬಿದ್ದ. ಮೇಲೆ ಬಂದವನು ಈಜಲೇ ಇಲ್ಲ. ಬಾಯಿ ತೆರೆದು ಏದುಸಿರು ಬಿಡುತ್ತಿದ್ದ, ಕೂಗಲಿಕ್ಕೂ ಆಗುತ್ತಿಲ್ಲ. ಬೋರ್ಡು ಗಾಳಿಗೆ ದೂರ ಸರಿಯುತ್ತಿತ್ತು, ಜಾಕೆಟ್ ಅದರ ಮೇಲೇ ಇತ್ತು. ನಾನು ಪಕ್ಕಕ್ಕೆ ಹೋಗುವಷ್ಟರಲ್ಲಿ ಬೆರಳು ಮರಗಟ್ಟಿ ಹಗ್ಗ ಹಿಡಿಯಲೂ ಆಗಲಿಲ್ಲ ಅವನಿಗೆ. ದಡಕ್ಕೆ ಎಳೆದು ತಂದು, ಒದ್ದೆ ಬಟ್ಟೆ ಬಿಚ್ಚಿಸಿ, ಕಂಬಳಿ ಹೊದಿಸಿದೆವು. ಮಾತು ಹೊರಡಲು ತುಂಬ ಹೊತ್ತು ಹಿಡಿಯಿತು. ಮೊದಲು ಕೇಳಿದ್ದು, "ಸಾರ್, ಕೈ ಯಾಕೆ ಆಡಲಿಲ್ಲ?"

ಅದು ಹಿಮ ಕರಗಿ ಬಂದ ನೀರು. ಸರೋವರದ ಅತಿ ಆಳದ ಜಾಗದಲ್ಲಿ ಸುಮಾರು 500 ಮೀಟರ್ ಆಳ. ಬಿಸಿಲು ಮೇಲಿನ ಪದರವನ್ನಷ್ಟೇ ಕಾಯಿಸುತ್ತದೆ, ಜೂನ್‌ನಲ್ಲಿ ಅದೂ ಸರಿಯಾಗಿ ಕಾದಿರುವುದಿಲ್ಲ. ಅಂಥ ನೀರಿಗೆ ಬಿದ್ದ ಕೂಡಲೇ ನಮಗೆ ಗೊತ್ತಿಲ್ಲದೆ ಉಸಿರು ಎಳೆದುಕೊಳ್ಳುತ್ತೇವೆ. ಆಗ ತಲೆ ಮುಳುಗಿದ್ದರೆ ನೀರೇ ಒಳಗೆ ಹೋಗುತ್ತದೆ. ಉಸಿರು ಹತೋಟಿಗೆ ಬರಲು 1 ನಿಮಿಷ ಬೇಕು. ಕೈಕಾಲು ಹೇಳಿದ ಮಾತು ಕೇಳುವುದು ಸುಮಾರು 10 ನಿಮಿಷ. ಆ ಮೊದಲ ನಿಮಿಷ ತಲೆಯನ್ನು ಮೇಲೆ ಹಿಡಿಯುವುದು ಜಾಕೆಟ್, ನಿಮ್ಮ ಈಜಲ್ಲ. ಬೋರ್ಡಿನ ಮೇಲಿರುವ ಜಾಕೆಟ್ಟೂ ಅಲ್ಲ, ಮೈಮೇಲಿರುವ ಜಾಕೆಟ್.

ಸುಮ್ನೆ ಹಾಕಿದರೂ ಸಾಲದು. ಬಕಲ್ ಬಿಗಿ ಮಾಡಿ, ಯಾರಿಗಾದರೂ ಭುಜದ ಹತ್ತಿರ ಹಿಡಿದು ಮೇಲೆತ್ತಲು ಹೇಳಿ. ಕಿವಿವರೆಗೆ ಬಂದರೆ ಅದು ಸಡಿಲ. 13 ವರ್ಷದೊಳಗಿನ ಮಕ್ಕಳಿಗಂತೂ ಕ್ಯಾಲಿಫೋರ್ನಿಯಾದಲ್ಲಿ ದೋಣಿಯಲ್ಲಿ ಜಾಕೆಟ್ ಹಾಕುವುದು ಕಾನೂನು.

ಸಮಯ ಆಗುತ್ತಿದೆ, ಉಳಿದದ್ದು ಬೇಗ ಹೇಳಿಬಿಡುತ್ತೇನೆ. ಮಧ್ಯಾಹ್ನ ಗಾಳಿ ಜಾಸ್ತಿ, ಬೆಳಿಗ್ಗೆಯೇ ನೀರಿಗಿಳಿಯಿರಿ. ಬಂಗಲೆಗೆ ಇಳಿಯುವುದು ಸುಲಭ, ವಾಪಸ್ ಒಂದು ಮೈಲಿ ಏರು. ಅಮ್ಮನ ಮಂಡಿ ನೋಡಿಕೊಂಡು ಹೊರಡಿ. ಕ್ಯಾಂಪಿನಲ್ಲಿ ತಿಂಡಿಯನ್ನು ಕಾರಿನಲ್ಲಿ ಬಿಡಬೇಡಿ, ಅಲ್ಲೇ ಇಟ್ಟಿರುವ ಕಬ್ಬಿಣದ ಪೆಟ್ಟಿಗೆಯಲ್ಲಿಡಿ. ಚಕ್ಕುಲಿ ವಾಸನೆಗೂ ಕರಡಿ ಬರುತ್ತದೆ. ನಮಸ್ಕಾರ.