ಗುಡ್ಡದ ನೆರಳು ಬಿದ್ದ ಹಾಡುಗಳು: ಬೂಷ್ಟು ಹಿಡಿದ ವಿಡಿಯೋ ಕ್ಯಾಸೆಟ್ ಉಳಿಸುವ ಬಗೆ

[ದೃಶ್ಯ: ಅಟ್ಟದಿಂದ ಇಳಿಸಿದ ರಟ್ಟಿನ ಪೆಟ್ಟಿಗೆ. ಕ್ಯಾಸೆಟ್ ಒಂದರ ಬೆನ್ನಿನ ಮೇಲೆ ಬಾಲ್‌ಪೆನ್ನಿನಲ್ಲಿ: ‘ಹಾಡು. ಅಳಿಸಬೇಡಿ.’]

ನಿರೂಪಣೆ: ಕಾರವಾರದಿಂದ ಭಟ್ಕಳದವರೆಗೆ, ಮೇಲೆ ಶಿರಸಿ–ಸಿದ್ದಾಪುರದ ಕಡೆಗೂ, ವಿಸಿಆರ್ (ವಿಡಿಯೋ ಕ್ಯಾಸೆಟ್ ಓಡಿಸುವ ಯಂತ್ರ) ಇದ್ದ ಮನೆಗಳಲ್ಲಿ ಇಂಥದ್ದೊಂದು ಪೆಟ್ಟಿಗೆ ಈಗಲೂ ಸಿಗುತ್ತದೆ. ಒಳಗಿರುವುದು ಟಿವಿಯಿಂದ ಹಿಡಿದಿಟ್ಟ ಹಾಡುಗಳು. ದೂರದರ್ಶನದ ಚಿತ್ರಮಂಜರಿ, ಬುಧವಾರದ ಚಿತ್ರಹಾರ್, ಆಮೇಲೆ ಕೇಬಲ್ ಬಂದ ಕಾಲದ ಎಂಟಿವಿ, ಚಾನೆಲ್ ವಿ, ಉದಯ.

ಈ ಹಾಡುಗಳೆಲ್ಲ ಯೂಟ್ಯೂಬ್‌ನಲ್ಲಿ ಇವೆಯಲ್ಲ ಅನ್ನಬಹುದು. ಹಾಡು ಇದೆ, ನಿಜ. ಎರಡು ಹಾಡುಗಳ ನಡುವೆ ವಿಜೆ, ಅಂದರೆ ಹಾಡು ಪರಿಚಯಿಸುವ ನಿರೂಪಕರು, ಆಡಿದ ಮಾತು, ಚಾನೆಲ್ಲಿನ ಐದು ಸೆಕೆಂಡಿನ ತಮಾಷೆ, ಕೇಬಲ್‌ನವರು ಕೆಳಗೆ ಓಡಿಸಿದ ಕುಮಟಾದ ಬಟ್ಟೆ ಅಂಗಡಿಯ ಜಾಹೀರಾತು, ಇವು ಅಲ್ಲಿ ಸಿಗುವುದು ಅಪರೂಪ. ಅದರಲ್ಲೂ ಊರಿನ ಕೇಬಲ್ ಪಟ್ಟಿಯನ್ನು ಯಾವ ಚಾನೆಲ್ಲೂ ತನ್ನ ಕಪಾಟಿನಲ್ಲಿ ಇಟ್ಟುಕೊಂಡಿರುವುದಿಲ್ಲ. ಅದು ಉಳಿದಿದ್ದರೆ ಇಂಥ ಪೆಟ್ಟಿಗೆಯಲ್ಲೇ.

[ದೃಶ್ಯ: ಮಹಡಿಯ ಮೇಲೆ ತುಕ್ಕು ಹಿಡಿದ ಜಾಳಿಗೆ ಡಿಶ್. ಹಿಂದೆ ಗುಡ್ಡ.]

ನಿರೂಪಣೆ: ಹಿನ್ನೆಲೆ ಚುಟುಕಾಗಿ. ಅಮೆರಿಕದಲ್ಲಿ ಎಂಟಿವಿ ಶುರುವಾದದ್ದು 1981ರ ಆಗಸ್ಟ್ 1ರಂದು. ನಮಗೆ ಅದು ಕಂಡದ್ದು ಹತ್ತು ವರ್ಷ ತಡವಾಗಿ, 1991ರಲ್ಲಿ ಶುರುವಾದ ಸ್ಟಾರ್ ಟಿವಿಯ ಜೊತೆ, ಏಷ್ಯಾಸ್ಯಾಟ್-1 ಉಪಗ್ರಹದಿಂದ. 1994ರಲ್ಲಿ ಎಂಟಿವಿ ಸ್ಟಾರ್ ಬಿಟ್ಟಿತು, ಆ ಜಾಗಕ್ಕೆ ಚಾನೆಲ್ ವಿ ಬಂತು. ಉದಯ ಟಿವಿಯೂ ಅದೇ ವರ್ಷದ್ದು. 1996ಕ್ಕೆ ಎಂಟಿವಿ ಇಂಡಿಯಾ ಆಗಿ ಮರಳಿತು. ಅಲೀಶಾ ಚಿನಾಯ್, ದಲೇರ್ ಮೆಹಂದಿ, ಲಕ್ಕಿ ಅಲಿ ಮನೆಮಾತಾದದ್ದು ಈ ನಾಲ್ಕೈದು ವರ್ಷಗಳಲ್ಲೇ.

ಕಾರವಾರದಿಂದ ನೋಡಿದರೆ ಏಷ್ಯಾಸ್ಯಾಟ್-1 ಇದ್ದದ್ದು ಪೂರ್ವ-ಆಗ್ನೇಯಕ್ಕೆ, ದಿಗಂತದಿಂದ ಸುಮಾರು 50 ಡಿಗ್ರಿ ಮೇಲೆ. ಅಷ್ಟೆತ್ತರಕ್ಕೆ ಘಟ್ಟ ಅಡ್ಡ ಬರುವುದಿಲ್ಲ. ಮಳೆಗೆ ಅಷ್ಟಾಗಿ ಕುಂದದ ಸಿ-ಬ್ಯಾಂಡ್ ಎಂಬ ರೇಡಿಯೋ ತರಂಗಗಳಲ್ಲಿ ಬರುತ್ತಿದ್ದುದರಿಂದ ಜುಲೈ ಮಳೆಗೂ ಸಿಗ್ನಲ್ ಅಷ್ಟಾಗಿ ಜಗ್ಗುತ್ತಿರಲಿಲ್ಲ. ಆಗ ಕೇಬಲ್ ಹೋಗುತ್ತಿದ್ದರೆ ಕರೆಂಟ್ ಹೋಗಿರಬೇಕು, ಇಲ್ಲವೇ ತಂತಿಯ ಮೇಲೆ ತೆಂಗಿನ ಹೆಡೆ ಬಿದ್ದಿರಬೇಕು. ದೂರದರ್ಶನದ ಕತೆ ಬೇರೆ. ಅದು ನೆಲದ ಮೇಲಿನ ಟವರಿನಿಂದ ಬರುತ್ತಿತ್ತು, ಗುಡ್ಡಕ್ಕೆ ಬಡಿದು ಬರುತ್ತಿತ್ತು.

[ದೃಶ್ಯ: ಪರದೆಯ ಮೇಲೆ ಗಾಯಕಿಯ ಮುಖ, ಅದರ ಬಲಕ್ಕೆ ಅದೇ ಮುಖದ ಮಸುಕು ನೆರಳು.]

ನಿರೂಪಣೆ: ಕ್ಯಾಸೆಟ್ ಹಾಕಿದ ಮೇಲೆ ಕಾಣುವ ದೋಷಗಳಲ್ಲಿ ಯಾವುದು ಗಾಳಿಯಲ್ಲಿ ಸಿಗ್ನಲ್ ಜೊತೆಗೇ ಬಂದದ್ದು, ಯಾವುದು ಟೇಪಿನದು ಎಂದು ಮೊದಲು ಗುರುತಿಸಿ. ಗಾಳಿಯದನ್ನು ಸರಿಮಾಡಲು ಹೋಗಿ ವಾರಗಟ್ಟಲೆ ಕಳೆದವರಿದ್ದಾರೆ.

ಬಲಕ್ಕೆ ಬಿದ್ದ ಜೋಡಿ ಚಿತ್ರ ಗುಡ್ಡದ್ದು. ಟವರಿನಿಂದ ನೇರ ಬಂದ ಸಿಗ್ನಲ್ ಮೊದಲು ಮುಟ್ಟುತ್ತದೆ, ಗುಡ್ಡಕ್ಕೆ ಬಡಿದು ಬಂದದ್ದು ತಡವಾಗಿ ಮುಟ್ಟುತ್ತದೆ. ಪರದೆಯ ಎಡದಿಂದ ಬಲಕ್ಕೆ ಒಂದು ಗೆರೆ ಎಳೆಯಲು ಟಿವಿಗೆ 52 ಮೈಕ್ರೋಸೆಕೆಂಡ್ ಬೇಕು. ಒಂದು ಮೈಕ್ರೋಸೆಕೆಂಡಿನಲ್ಲಿ ರೇಡಿಯೋ ಅಲೆ 300 ಮೀಟರ್ ಹೋಗುತ್ತದೆ. 21 ಇಂಚಿನ ಟಿವಿಯಲ್ಲಿ ಅಷ್ಟು ಹೊತ್ತಿಗೆ ಗೆರೆ ಸಾಗುವುದು ಸುಮಾರು 8 ಮಿಲಿಮೀಟರ್. ಅಂದರೆ ನೆರಳು 8 ಸೆಂಟಿಮೀಟರ್ ಆಚೆ ಬಿದ್ದಿದ್ದರೆ ಆ ಸಿಗ್ನಲ್ 3 ಕಿಲೋಮೀಟರ್ ಹೆಚ್ಚು ಸುತ್ತಿದೆ. ಆ್ಯಂಟೆನಾದ ನೇರ ಬೆನ್ನಿಗಿರುವ ಗುಡ್ಡವಾದರೆ ಹೋಗಿ ಬರುವ ದಾರಿ ಸೇರಿ 3, ಗುಡ್ಡದ ದೂರ ಒಂದೂವರೆ ಕಿಲೋಮೀಟರ್. ಇದನ್ನು ಯಾವ ಸಾಫ್ಟ್‌ವೇರ್‌ನಿಂದಲೂ ಚೆನ್ನಾಗಿ ತೆಗೆಯಲಾಗದು. ತೆಗೆಯಲೂಬೇಡಿ, ಅದು ನಿಮ್ಮ ಊರಿನ ಸಹಿ.

ಪರದೆ ತುಂಬ ಸಣ್ಣ ಬಾಲವಿರುವ ಕಪ್ಪು–ಬಿಳಿ ಚುಕ್ಕೆ ಉದುರುತ್ತಿದ್ದರೆ ಡಿಶ್‌ಗೆ ಸಿಗ್ನಲ್ ಸಾಲದಾಗಿತ್ತು. ಅದೂ ಟೇಪಿನ ತಪ್ಪಲ್ಲ. ಅಡ್ಡಕ್ಕೆ ಚುಕ್ಕೆ ತುಂಬಿದ ಒಂದು ಪಟ್ಟಿ ನಿಂತು, ವಿಸಿಆರ್‌ನ ಟ್ರ್ಯಾಕಿಂಗ್ ಗುಂಡಿ ಒತ್ತಿದಾಗ ಸರಿದರೆ ಅದು ಟೇಪಿಗೂ ಅದನ್ನು ಓದುವ ಹೆಡ್‌ಗೂ ಇರುವ ಹೊಂದಾಣಿಕೆಯದು, ಸರಿಹೋಗುತ್ತದೆ. ಆಗೊಮ್ಮೆ ಈಗೊಮ್ಮೆ ಉದ್ದನೆಯ ಬಿಳಿ ಗೀರು ಬಂದರೆ ಟೇಪಿನ ಲೇಪ ಎದ್ದಿದೆ. ಚಿತ್ರ ಇದ್ದಕ್ಕಿದ್ದಂತೆ ಪೂರ್ತಿ ಹಿಮವಾಗಿ, ಧ್ವನಿ ಮಾತ್ರ ಬರುತ್ತಿದ್ದರೆ? ತಕ್ಷಣ ನಿಲ್ಲಿಸಿ. ವಿಡಿಯೋ ಹೆಡ್‌ಗೆ ಕೊಳೆ ಕಟ್ಟಿದೆ. ಸಾಮಾನ್ಯ ವಿಸಿಆರ್‌ನಲ್ಲಿ ಧ್ವನಿಗೆ ಬೇರೆಯದೇ ಹೆಡ್ ಇರುವುದರಿಂದ ಅದು ಬದುಕಿರುತ್ತದೆ.

[ದೃಶ್ಯ: ಕ್ಯಾಸೆಟ್ ಕಿಟಕಿಯ ಹತ್ತಿರದ ನೋಟ. ಕಪ್ಪು ಸುರುಳಿಯ ಅಂಚಿನಲ್ಲಿ ಬಿಳಿ ಹುಡಿ.]

ನಿರೂಪಣೆ: ಈ ಬಿಳಿ ಹುಡಿಯೇ ಬೂಷ್ಟು. ಇದು ಕಂಡ ಕ್ಯಾಸೆಟ್ಟನ್ನು ಒಳ್ಳೆಯ ವಿಸಿಆರ್‌ಗೆ ಹಾಕಲೇಬೇಡಿ. ಹುಡಿ ವಿಸಿಆರ್‌ನೊಳಗೆ ವಿಡಿಯೋ ಹೆಡ್ ಹೊತ್ತು ತಿರುಗುವ ಡ್ರಮ್ಮಿಗೆ ಅಂಟಿ, ಮುಂದಿನ ಚೊಕ್ಕ ಕ್ಯಾಸೆಟ್ಟನ್ನೂ ಗೀರುತ್ತದೆ.

ಕೆಲಸಕ್ಕೆ ಕಾಲ ಡಿಸೆಂಬರ್‌ನಿಂದ ಫೆಬ್ರವರಿ. ಕರಾವಳಿಯಲ್ಲಿ ಗಾಳಿ ಒಣಗಿರುವುದು ಆಗಲೇ. ಕ್ಯಾಸೆಟ್ಟನ್ನು ಮೀನು ಒಣಗಿಸಿದ ಹಾಗೆ ಬಿಸಿಲಿಗೆ ಇಡಬೇಡಿ. ಶಿರಸಿ ಕಡೆಯವರು ಅಡಿಕೆ ಡ್ರೈಯರ್‌ನತ್ತ, ಒಲೆಯ ಮೇಲಿನ ಅಟ್ಟದತ್ತ ನೋಡಲೂಬೇಡಿ. ಬಿಸಿಗೆ ಪಾಲಿಯೆಸ್ಟರ್ ಟೇಪು ಕುಗ್ಗಿ ಸೊಟ್ಟಗಾಗುತ್ತದೆ, ಆಮೇಲೆ ಟ್ರ್ಯಾಕಿಂಗ್ ಯಾವತ್ತೂ ಕೂರುವುದಿಲ್ಲ. ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿಯಲ್ಲಿ ಐದಾರು ಕ್ಯಾಸೆಟ್, ತೇವ ಹೀರುವ ಸಿಲಿಕಾ ಜೆಲ್ ಹರಳು ಕಾಲು ಕೆಜಿ, ಜೊತೆಗೆ ತೇವಾಂಶ ತೋರಿಸುವ ಸಣ್ಣ ಮೀಟರ್ ಇಡಿ. ಮೀಟರ್ 40 ಪ್ರತಿಶತಕ್ಕೆ ಇಳಿದ ಮೇಲೂ ಎರಡು ವಾರ ಬಿಡಿ. ಒಣಗಿದ ಬೂಷ್ಟು ಬೂದಿಯಂತೆ ಉದುರುತ್ತದೆ, ಹಸಿ ಬೂಷ್ಟು ಅಂಟಾಗಿ ಬಳಿಯುತ್ತದೆ.

ಮುಂದಿನದನ್ನು ಅಂಗಳದಲ್ಲಿ, ಎನ್-95 ಮಾಸ್ಕ್ ಹಾಕಿಕೊಂಡೇ ಮಾಡಿ. ಕ್ಯಾಸೆಟ್ ಮಗುಚಿ ಐದು ಸ್ಕ್ರೂ ಬಿಚ್ಚಿ, ಮತ್ತೆ ನೆಟ್ಟಗೆ ಮಾಡಿ ಮೇಲಿನ ಮುಚ್ಚಳ ಎತ್ತಿ. ಮುಟ್ಟುವ ಮೊದಲು ಫೋಟೋ ತೆಗೆದುಕೊಳ್ಳಿ, ಟೇಪು ಯಾವ ಉರುಳೆಯ ಯಾವ ಬದಿಯಿಂದ ಹಾದಿದೆ ಎಂಬುದು ಜೋಡಿಸುವಾಗ ಮರೆತುಹೋಗುತ್ತದೆ. ಎರಡೂ ಸುರುಳಿಯ ಅಂಚನ್ನು ನೂಲು ಬಿಡದ ಒಣ ಬಟ್ಟೆಯಿಂದ ಒರೆಸಿ, ಚೊಕ್ಕ ಕ್ಯಾಸೆಟ್ ಚಿಪ್ಪಿಗೆ ವರ್ಗಾಯಿಸಿ. ಬೆಲೆಯಿಲ್ಲದ ಯಾವುದೋ ಹಳೆ ಕ್ಯಾಸೆಟ್ಟಿನ ಟೇಪು ತೆಗೆದ ಚಿಪ್ಪು ಸಾಕು. ಕೈಯಿಂದ ಸುತ್ತಿ ನೋಡುವಾಗ ಪದರಕ್ಕೆ ಪದರ ಅಂಟಿ ಜಗ್ಗಿದರೆ ಅಲ್ಲೇ ನಿಲ್ಲಿಸಿ ಮತ್ತೆ ಒಣಗಲು ಬಿಡಿ. ಎಳೆದರೆ ಲೇಪವೇ ಕಿತ್ತುಬರುತ್ತದೆ, ಅದರೊಂದಿಗೆ ಚಿತ್ರವೂ.

[ದೃಶ್ಯ: ಮುಚ್ಚಳ ತೆಗೆದ ವಿಸಿಆರ್. ಹೊಳೆಯುವ ಡ್ರಮ್.]

ನಿರೂಪಣೆ: ಇಪ್ಪತ್ತು ವರ್ಷ ಮಲಗಿದ್ದ ವಿಸಿಆರ್‌ಗೆ ಮೊದಲ ಕ್ಯಾಸೆಟ್ ಬಿಸಾಡುವಂಥದ್ದಾಗಿರಲಿ. ರಬ್ಬರ್ ಬೆಲ್ಟ್ ಸಡಿಲವಾಗಿದ್ದರೆ ಹೊರಬರುವಾಗ ಟೇಪು ಒಳಗೇ ಕುಣಿಕೆಯಾಗಿ ಉಳಿಯುತ್ತದೆ. ‘ತಿಂದುಬಿಡ್ತು’ ಅನ್ನುತ್ತಿದ್ದರಲ್ಲ, ಅದು ಇದೇ.

ಹೆಡ್ ತೊಳೆಯುವಾಗ ಪ್ಲಗ್ ಕಿತ್ತಿರಲಿ. 99 ಪ್ರತಿಶತ ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ನೆನೆಸಿದ ಶ್ಯಾಮಿ ಎಂಬ ಮೆದು ಚರ್ಮದ ತುಂಡನ್ನು ಡ್ರಮ್ಮಿಗೆ ಮೆಲ್ಲಗೆ ತಾಗಿಸಿ ಹಿಡಿದು, ಡ್ರಮ್ಮಿನ ಮೇಲಂಚು ಹಿಡಿದು ಅದನ್ನೇ ತಿರುಗಿಸಿ. ಚರ್ಮ ಅಲ್ಲಾಡಬಾರದು. ಮೇಲೆ–ಕೆಳಗೆ ಉಜ್ಜಿದರೆ ಉಗುರಿಗಿಂತ ಸಣ್ಣ ಹೆಡ್ ಚೂರು ಮುರಿಯುತ್ತದೆ, ಅಲ್ಲಿಗೆ ಯಂತ್ರ ಮುಗಿಯಿತು. ಹತ್ತಿ ಕಡ್ಡಿ ಏನಿದ್ದರೂ ಧ್ವನಿಯ ಹೆಡ್‌ಗೆ. ಹತ್ತು ನಿಮಿಷ ಆರಲು ಬಿಟ್ಟು ಮುಂದುವರಿಯಿರಿ.

ಈಗ ಕಂಪ್ಯೂಟರಿಗೆ ಇಳಿಸುವುದು. ವಿಸಿಆರ್‌ನ ಹಳದಿ ಪಿನ್ನಿನಿಂದ ಚಿತ್ರ, ಬಿಳಿ ಪಿನ್ನಿನಿಂದ ಧ್ವನಿ. ಆ್ಯಂಟೆನಾ ಪಿನ್ ಬೇರೆ ದಾರಿ ಇಲ್ಲದಾಗ ಮಾತ್ರ. ವಿಸಿಆರ್‌ನ ಚಿತ್ರವನ್ನು ಕಂಪ್ಯೂಟರಿಗೆ ಸೇರಿಸುವ ಅಗ್ಗದ ಯುಎಸ್‌ಬಿ ಕ್ಯಾಪ್ಚರ್ ಕಡ್ಡಿಗಳ ದೊಡ್ಡ ತಕರಾರು ಏನೆಂದರೆ, ಹಳೆ ಟೇಪಿನ ಸಿಂಕ್, ಅಂದರೆ ಗೆರೆ–ಫ್ರೇಮುಗಳ ತಾಳ, ನಡುಗಿದಾಗ ಅವು ಫ್ರೇಮ್ ಬಿಟ್ಟುಬಿಡುತ್ತವೆ. ಅರ್ಧ ಗಂಟೆ ಕಳೆಯುವಷ್ಟರಲ್ಲಿ ತುಟಿ ಒಂದು ಕಡೆ, ಹಾಡು ಇನ್ನೊಂದು ಕಡೆ. ನಡುವೆ ಈ ತಾಳ ಸರಿಪಡಿಸುವ ಟೈಮ್ ಬೇಸ್ ಕರೆಕ್ಟರ್ ಎಂಬ ಯಂತ್ರ ಇದ್ದರೆ ಈ ಕಾಟ ತಪ್ಪುತ್ತದೆ. ಅದು ದುಬಾರಿ. ಕೆಲವು ಹಳೆಯ ಡಿವಿಡಿ ರೆಕಾರ್ಡರ್‌ಗಳ ಮೂಲಕ ಹಾಯಿಸಿದರೂ ಸಿಂಕ್ ಬಹುಮಟ್ಟಿಗೆ ನೆಟ್ಟಗಾಗುತ್ತದೆ.

ಸೆಟ್ಟಿಂಗ್ ಪ್ಯಾಲ್ (ನಮ್ಮಲ್ಲಿ ಬಳಸುತ್ತಿದ್ದ ಟಿವಿ ಪದ್ಧತಿ) ಇರಲಿ, 720 × 576, ಸೆಕೆಂಡಿಗೆ 25 ಫ್ರೇಮ್. ವರ್ಚುವಲ್‌ಡಬ್ ಎಂಬ ಸಾಫ್ಟ್‌ವೇರ್‌ನಲ್ಲಿ ಹಫ್‌ವೈಯುವಿಯಂಥ, ಚಿತ್ರ ಕೆಡಿಸದೆ ಫೈಲ್ ಕುಗ್ಗಿಸುವ ಕೋಡೆಕ್ ಆರಿಸಿದರೆ ಗಂಟೆಗೆ 35 ಜಿಬಿ ಆಸುಪಾಸು, 180 ನಿಮಿಷದ ಕ್ಯಾಸೆಟ್ಟಿಗೆ 100 ಜಿಬಿಗಿಂತ ಹೆಚ್ಚು. ಡಿಸ್ಕಿನ ಫಾರ್ಮ್ಯಾಟ್ ಫ್ಯಾಟ್-32 ಆಗಿದ್ದರೆ ಫೈಲ್ 4 ಜಿಬಿಗೇ ನಿಲ್ಲುತ್ತದೆ, ಮೊದಲೇ ನೋಡಿಕೊಳ್ಳಿ. ಟೇಪು ಉಳಿಸಲು ಎಸ್‌ಪಿ ಎಂಬ ಮಾಮೂಲಿ ವೇಗದ ಬದಲು ಎಲ್‌ಪಿಯಲ್ಲಿ, ಅಂದರೆ ಅರ್ಧ ವೇಗದಲ್ಲಿ ರೆಕಾರ್ಡ್ ಮಾಡಿದ ಕ್ಯಾಸೆಟ್ಟುಗಳೂ ಇರುತ್ತವೆ. ಎಲ್‌ಪಿ ಇಲ್ಲದ ವಿಸಿಆರ್‌ನಲ್ಲಿ ಅವು ಇಮ್ಮಡಿ ವೇಗದಲ್ಲಿ ಕಿಚಗುಟ್ಟುತ್ತವೆ. ಬೂಷ್ಟು ಕಂಡಿದ್ದ ಕ್ಯಾಸೆಟ್ಟನ್ನು ‘ಒಮ್ಮೆ ನೋಡಿಬಿಡೋಣ’ ಎಂದು ಸುಮ್ಮನೆ ಓಡಿಸಬೇಡಿ. ಮೊದಲ ಓಟದಲ್ಲೇ ರೆಕಾರ್ಡ್ ಆಗುತ್ತಿರಲಿ, ಎರಡನೇ ಓಟ ಸಿಗುತ್ತದೆಂಬ ಖಾತ್ರಿ ಇಲ್ಲ.

ಚಿತ್ರದ ತಳದಲ್ಲಿ ಏಳೆಂಟು ಗೆರೆ ಹರಿದಂತೆ ಕಾಣುತ್ತದೆ. ಅದು ಎರಡು ಹೆಡ್‌ಗಳು ಪಾಳಿ ಬದಲಿಸುವ ಜಾಗ. ಟಿವಿ ಅದನ್ನು ಚೌಕಟ್ಟಿನ ಹಿಂದೆ ಮುಚ್ಚಿಡುತ್ತಿತ್ತು, ಗಾಬರಿ ಬೇಡ. ಟೇಪಿನ ಒಂದೊಂದು ಫ್ರೇಮಿನಲ್ಲೂ ಎರಡು ಕ್ಷಣಗಳ ಗೆರೆಗಳು ಒಂದು ಬಿಟ್ಟು ಒಂದು ಹೆಣೆದಿರುತ್ತವೆ. ಇವನ್ನು ಬಿಡಿಸುವಾಗ (ಡಿಇಂಟರ್‌ಲೇಸ್) ಮಾತ್ರ ಸೆಕೆಂಡಿಗೆ 50 ಫ್ರೇಮ್‌ಗೆ ಬಿಡಿಸಿ. 25ಕ್ಕೆ ಇಳಿಸಿದರೆ ಕುಣಿತದ ಅರ್ಧ ಚಲನೆ ಹೋಗುತ್ತದೆ, ಹಾಡಿನ ವಿಡಿಯೋದಲ್ಲಿ ಉಳಿಸಬೇಕಾದದ್ದೇ ಅದು. ಯೂಟ್ಯೂಬ್ 50 ಫ್ರೇಮ್ ಕೊಡುವುದು 720 ಗೆರೆಯಿಂದ ಮೇಲಕ್ಕೆ, ಹಾಗಾಗಿ ಏರಿಸುವ ಮೊದಲು 1440 × 1080ಕ್ಕೆ ಹಿಗ್ಗಿಸಿ. ಅಗಲ ಪರದೆ ತುಂಬಲಿ ಎಂದು ಎಳೆದು ಎಲ್ಲರ ಮುಖ ಚಪ್ಪಟೆ ಮಾಡಬೇಡಿ. ಹಾಡಿನ ಹಕ್ಕುದಾರರು ತಡೆಯಬಹುದು. ತಡೆದರೆ ನಡುವಿನ ಮಾತು, ಪಟ್ಟಿಗಳನ್ನಷ್ಟೇ ಬೇರೆ ಕತ್ತರಿಸಿ ಹಾಕಿ.

[ದೃಶ್ಯ: ಪರದೆಯ ತಳದಲ್ಲಿ ಓಡುವ ಕೇಬಲ್ ಜಾಹೀರಾತು ಪಟ್ಟಿ.]

ನಿರೂಪಣೆ: ಕೊನೆಗೆ ದಿನಾಂಕ. ಲೇಬಲ್ಲಿನಲ್ಲಿ ಇಸವಿ ಇಲ್ಲದಿದ್ದರೆ ಮೂಲೆಯ ಲಾಂಛನ ನೋಡಿ. ಚಾನೆಲ್ ವಿ ಇದ್ದರೆ 1994ಕ್ಕಿಂತ ಹಿಂದಿನದಲ್ಲ. ಡಿಡಿ ಮೆಟ್ರೋ ಇದ್ದರೆ 2003ರ ನವೆಂಬರ್‌ಗಿಂತ ಈಚಿನದಲ್ಲ, ಆಗ ಅದು ಡಿಡಿ ನ್ಯೂಸ್ ಆಯಿತು. ಕೇಬಲ್ ಪಟ್ಟಿಯ ಫೋನ್ ನಂಬರನ್ನೂ ಬಿಡಬೇಡಿ. 08382 ಕಾರವಾರ, 08384 ಶಿರಸಿ, 08386 ಕುಮಟಾ, 08388 ಅಂಕೋಲಾ. ಕೋಡಿನ ನಂತರ ಐದೇ ಅಂಕಿ ಇದ್ದರೆ, ಲ್ಯಾಂಡ್‌ಲೈನ್ ನಂಬರುಗಳ ಆರಂಭಕ್ಕೆ 2 ಸೇರುವ ಮೊದಲಿನದು, ಎಂದರೆ ಹೆಚ್ಚುಕಡಿಮೆ 2002–03ಕ್ಕಿಂತ ಹಿಂದಿನದು.

ಇವೆಲ್ಲವನ್ನೂ ಫೈಲಿನ ಹೆಸರಿನಲ್ಲೇ ಬರೆದಿಡಿ. ಹೀಗೆ:

[ಪರದೆಯ ಮೇಲೆ ಅಕ್ಷರ: ಕ್ಯಾಸೆಟ್ 07, ಶಿರಸಿ, ದೂರದರ್ಶನ, 1995–97?, ಎಸ್‌ಪಿ, ನೆರಳು ಬಲಕ್ಕೆ 8 ಸೆಂ.ಮೀ., ಗುಡ್ಡ ಒಂದೂವರೆ ಕಿ.ಮೀ.]