ಮನೆ ಒಂದು ಕಡತದಲ್ಲಿ, ಬಸ್ಸು ಇನ್ನೊಂದು ಕಡತದಲ್ಲಿ: ದಾವಣಗೆರೆಯ ಬಡಾವಣೆಗಳನ್ನು ಯಾರು ಯೋಜಿಸಬೇಕು?

ನಮಸ್ಕಾರ. ದಾವಣಗೆರೆಯಲ್ಲಿ ವಸತಿಯ ಮಾತು ಬಂದರೆ ನಾವು ನಿವೇಶನದ ದರ ಮತ್ತು ಖಾತೆಯ ಬಗ್ಗೆ ಮಾತನಾಡುತ್ತೇವೆ. ಸಾರಿಗೆಯ ಮಾತು ಬಂದರೆ ಮೇಲ್ಸೇತುವೆ ಮತ್ತು ರಸ್ತೆ ಅಗಲೀಕರಣದ ಬಗ್ಗೆ ಮಾತನಾಡುತ್ತೇವೆ. ಇವೆರಡೂ ಬೇರೆ ಬೇರೆ ವಿಷಯಗಳು ಎಂಬ ಭಾವನೆ ನಮ್ಮಲ್ಲಿ ಮಾತ್ರವಲ್ಲ, ಆಡಳಿತದಲ್ಲೂ ಗಟ್ಟಿಯಾಗಿ ಕೂತಿದೆ. ಬಡಾವಣೆಯ ನಕ್ಷೆಗೆ ಒಪ್ಪಿಗೆ ಕೊಡುವುದು ದಾವಣಗೆರೆ-ಹರಿಹರ ನಗರಾಭಿವೃದ್ಧಿ ಪ್ರಾಧಿಕಾರ, ಅಂದರೆ ದೂಡಾ. ಒಳರಸ್ತೆ, ಚರಂಡಿ, ಬೀದಿದೀಪ ಮಹಾನಗರ ಪಾಲಿಕೆಯ ಪಾಲು. ಕೊಳೆಗೇರಿಗಳಲ್ಲಿ ಮನೆ ಕಟ್ಟಿಸುವುದು ಕೊಳಗೇರಿ ಅಭಿವೃದ್ಧಿ ಮಂಡಳಿ. ಸರ್ಕಾರಿ ನಗರ ಸಾರಿಗೆ ಕೆಎಸ್‌ಆರ್‌ಟಿಸಿಯದ್ದು, ಹಳಿ ದಾಟುವ ಜಾಗ ರೈಲ್ವೆಯದ್ದು. ಒಬ್ಬ ಹೆಣ್ಣುಮಗಳು ಬೆಳಿಗ್ಗೆ ಮನೆ ಬಿಟ್ಟು ಕೆಲಸದ ಜಾಗ ಸೇರುವ ದಾರಿ ಈ ಎಲ್ಲ ಕಚೇರಿಗಳ ವ್ಯಾಪ್ತಿಯನ್ನು ಹಾದು ಹೋಗುತ್ತದೆ, ಆದರೆ ಆ ದಾರಿಯನ್ನು ಮೊದಲಿನಿಂದ ಕೊನೆಯವರೆಗೆ ನೋಡುವ ಹೊಣೆ ಯಾವ ಕಚೇರಿಗೂ ಇಲ್ಲ. ಮನೆ ಎಲ್ಲಿ ಕೊಡಬೇಕು ಎಂಬ ತೀರ್ಮಾನವೂ ಬಸ್ಸು ಎಲ್ಲಿಯವರೆಗೆ ಹೋಗಬೇಕು ಎಂಬ ತೀರ್ಮಾನವೂ ಒಂದೇ ಸಭೆಯಲ್ಲಿ ಆಗಬೇಕು, ಮತ್ತು ಆ ಸಭೆಯಲ್ಲಿ ಆ ಬಡಾವಣೆಯ ಜನರಿಗೆ ಕುರ್ಚಿ ಇರಬೇಕು. ಈ ಒಂದು ವಿಷಯವನ್ನೇ ಇಂದು ನಿಮ್ಮ ಮುಂದೆ ಇಡುತ್ತಿದ್ದೇನೆ.

ಈ ಊರು ಮೊದಲಿನಿಂದಲೂ ಹೀಗೆ ಇರಲಿಲ್ಲ. ಕರ್ನಾಟಕದ ಮ್ಯಾಂಚೆಸ್ಟರ್ ಎಂದು ಕರೆಸಿಕೊಳ್ಳುತ್ತಿದ್ದ ಕಾಲದಲ್ಲಿ ಹತ್ತಿ ಗಿರಣಿಗಳ ಸೈರನ್ ಕೇಳುವಷ್ಟು ಹತ್ತಿರದಲ್ಲೇ ಗಿರಣಿ ಕಾರ್ಮಿಕರ ಕೇರಿಗಳಿದ್ದವು. ಪಾಳಿ ಮುಗಿಸಿದವರು ನಡೆದೇ ಮನೆಗೆ ಹೋಗುತ್ತಿದ್ದರು. ಕಮ್ಯುನಿಸ್ಟ್ ಪಕ್ಷದ ಕಾರ್ಮಿಕ ನಾಯಕ ಪಂಪಾಪತಿಯವರನ್ನು ಮೂರು ಬಾರಿ ವಿಧಾನಸಭೆಗೆ ಆರಿಸಿ ಕಳಿಸಿದ ಊರು ಇದು. ದುಡಿಯುವವರಿಗೆ ಸೂರು ಎಂಬುದು ಇಲ್ಲಿ ರಾಜಕಾರಣದ ಕೇಂದ್ರದಲ್ಲೇ ಇದ್ದ ಪ್ರಶ್ನೆ. ಗಿರಣಿಗಳು ಒಂದೊಂದಾಗಿ ಬಾಗಿಲು ಹಾಕಿದ ಮೇಲೆ ಊರಿನ ಆಕಾರವೇ ಬದಲಾಯಿತು. ಕಾಲೇಜುಗಳು, ಆಸ್ಪತ್ರೆಗಳು, ಮೆಕ್ಕೆಜೋಳದ ವಹಿವಾಟು ಊರಿನ ಹೊಸ ಆಧಾರಗಳಾದವು. 1997ರಲ್ಲಿ ದಾವಣಗೆರೆ ಜಿಲ್ಲಾ ಕೇಂದ್ರವಾಯಿತು, 2007ರಲ್ಲಿ ನಗರಸಭೆ ಮಹಾನಗರ ಪಾಲಿಕೆಯಾಯಿತು, 2011ರ ಜನಗಣತಿಯಲ್ಲಿ ಜನಸಂಖ್ಯೆ 4.35 ಲಕ್ಷ ಮುಟ್ಟಿತು. ರೈಲು ಹಳಿಯ ಒಂದು ಬದಿಗೆ ಮಂಡಿಪೇಟೆ, ಚೌಕಿಪೇಟೆಗಳ ಹಳೇ ಊರು, ಇನ್ನೊಂದು ಬದಿಗೆ ವಿದ್ಯಾನಗರ, ನಿಜಲಿಂಗಪ್ಪ ಬಡಾವಣೆ, ಶಾಮನೂರಿನ ಕಡೆಗೆ ಬೆಳೆದ ಹೊಸ ಊರು. ಹಳೇ ಊರಿನಲ್ಲಿ ಕೆಲಸಕ್ಕೂ ಮನೆಗೂ ನಡಿಗೆಯ ದೂರವಿದ್ದರೆ, ಹೊಸ ಊರು ಬೆಳೆದದ್ದೇ ಪ್ರತಿ ಮನೆಯಲ್ಲೂ ಒಂದು ಬೈಕ್ ಇರುತ್ತದೆ ಎಂಬ ಲೆಕ್ಕದ ಮೇಲೆ. ಬೈಕ್ ಇಲ್ಲದವರನ್ನು, ಓಡಿಸಲಾಗದವರನ್ನು ಆ ಲೆಕ್ಕ ಹೊರಗಿಟ್ಟಿತು.

ವಸತಿ ಮತ್ತು ದುಡಿಮೆಯನ್ನು ಬೇರೆ ಮಾಡಿ ನೋಡಿದರೆ ಏನಾಗುತ್ತದೆ ಎಂಬುದನ್ನು ಅರಿಯಲು ಮಂಡಕ್ಕಿ ಭಟ್ಟಿಗಳ ಪ್ರದೇಶಕ್ಕಿಂತ ಒಳ್ಳೆಯ ಉದಾಹರಣೆ ಇಲ್ಲ. ಆಜಾದ್ ನಗರ, ಬಾಷಾ ನಗರದ ಕಡೆ ಹೋದವರಿಗೆ ಆ ಹೊಗೆಯ ಪರಿಚಯವಿದೆ. ಜನವರಿ 2016ರಲ್ಲಿ ಸ್ಮಾರ್ಟ್ ಸಿಟಿ ಯೋಜನೆಗೆ ಆಯ್ಕೆಯಾದ ಮೊದಲ 20 ನಗರಗಳಲ್ಲಿ ದಾವಣಗೆರೆಯೂ ಒಂದಾದಾಗ ಈ ಪ್ರದೇಶದ ಪುನರಭಿವೃದ್ಧಿಯನ್ನು ಪ್ರಸ್ತಾವನೆಯಲ್ಲಿ ಸೇರಿಸಲಾಗಿತ್ತು, ಮತ್ತು ಅದು ಸರಿಯಾದ ಆಯ್ಕೆಯೇ ಆಗಿತ್ತು. ಆದರೆ ಭಟ್ಟಿಯ ಕೆಲಸ ಹೇಗೆ ನಡೆಯುತ್ತದೆ ಎಂಬುದನ್ನು ಒಮ್ಮೆ ಹತ್ತಿರದಿಂದ ನೋಡಬೇಕು. ಭತ್ತವನ್ನು ನೆನೆಸಬೇಕು, ಬೇಯಿಸಬೇಕು, ಬಿಸಿಲಿನಲ್ಲಿ ಹರವಿ ಒಣಗಿಸಬೇಕು, ಗಿರಣಿಗೆ ಸಾಗಿಸಿ ಅಕ್ಕಿ ಮಾಡಿಸಬೇಕು, ಉಪ್ಪುನೀರು ಬೆರೆಸಿ ಹದ ಮಾಡಬೇಕು, ಕೊನೆಗೆ ಕಾದ ಮರಳಿನಲ್ಲಿ ಹುರಿಯಬೇಕು. ಹರವಿದ ಭತ್ತವನ್ನು ಹೊತ್ತುಹೊತ್ತಿಗೆ ಕೈಯಾಡಿಸುವುದು, ಮೋಡ ಕವಿದರೆ ಓಡಿ ಬಂದು ರಾಶಿ ಮಾಡಿ ಮುಚ್ಚುವುದು ಹೆಚ್ಚಾಗಿ ಮನೆಯ ಹೆಂಗಸರ ಕೆಲಸ. ಒಲೆಯ ಕೆಲಸ ಬೆಳಕು ಹರಿಯುವ ಮೊದಲೇ ಶುರುವಾಗುತ್ತದೆ. ಹೀಗಾಗಿ ಒಣಗಿಸಲು ಬಯಲು ಬೇಕು, ಹೊಟ್ಟು ಕೂಡಿಡಲು ಜಾಗ ಬೇಕು, ಮೂಟೆ ಹೊತ್ತ ಗಾಡಿ ಬಾಗಿಲವರೆಗೆ ಬರಬೇಕು, ತೊಟ್ಟಿಲಲ್ಲಿ ಮಲಗಿರುವ ಮಗು ಅತ್ತರೆ ಕೇಳಿಸುವಷ್ಟು ಹತ್ತಿರ ಮನೆ ಇರಬೇಕು.

ಇಂತಹ ಕುಟುಂಬಕ್ಕೆ ಊರ ಹೊರಗಿನ ಬಹುಮಹಡಿ ಕಟ್ಟಡದ ಮೂರನೇ ಮಹಡಿಯಲ್ಲಿ ಒಂದು ಮನೆ ಕೊಟ್ಟರೆ ಕಾಗದದ ಮೇಲೆ ಒಬ್ಬ ಫಲಾನುಭವಿ ಹೆಚ್ಚಾಗುತ್ತಾನೆ, ಆದರೆ ಒಂದು ಕಸುಬು ನಿಂತುಹೋಗುತ್ತದೆ. ಹಾಗೆಂದು ಆ ಹೊಗೆಯನ್ನು ಹಾಗೇ ಬಿಡಬೇಕೆಂದು ನಾನು ಹೇಳುತ್ತಿಲ್ಲ. ಅದರಿಂದ ಮೊದಲು ಕೆಮ್ಮುವವರು ಒಲೆಯ ಮುಂದೆ ಕೂತವರೇ ಆಗಿದ್ದಾರೆ. ಎತ್ತರದ ಚಿಮಣಿ, ಕಡಿಮೆ ಉರುವಲು ಕೇಳುವ ಒಲೆ, ಹಲವು ಭಟ್ಟಿಗಳಿಗೆ ಸೇರಿ ಒಂದು ಒಣಗಿಸುವ ಕಣ, ಅದರ ಮಗ್ಗುಲಲ್ಲೇ ನೆಲಮಟ್ಟದ ಮನೆಗಳು, ಮನೆಗಳ ಮುಂದೆ ಮುಚ್ಚಿದ ಚರಂಡಿ ಎಲ್ಲವನ್ನೂ ಒಂದೇ ನಕ್ಷೆಯಲ್ಲಿ ಬರೆಯಬೇಕು ಎನ್ನುವುದು ನನ್ನ ಕೋರಿಕೆ. ಆ ನಕ್ಷೆಯಲ್ಲಿ ಕಣ ಎಲ್ಲಿ ಇರಬೇಕು, ಬಿಸಿಲು ಯಾವ ಮಗ್ಗುಲಿಗೆ ಬೀಳುತ್ತದೆ ಎಂಬುದನ್ನು ಹೇಳಬಲ್ಲವರು ಭಟ್ಟಿಯವರೇ ಹೊರತು ಬೇರೆ ಊರಿನ ಸಲಹಾ ಸಂಸ್ಥೆಯವರಲ್ಲ.

ಇನ್ನು ಊರಂಚಿನ ಮನೆಗಳ ವಿಷಯ. ಜಾಗ ಅಗ್ಗವಾಗಿ ಸಿಗುವ ಕಡೆ ಬಡವರ ಮನೆಗಳು ಎದ್ದು ನಿಲ್ಲುತ್ತವೆ. ಹಾಗೆ ಹೋದ ಒಂದು ಕುಟುಂಬವನ್ನು ನಾನು ಹತ್ತಿರದಿಂದ ಬಲ್ಲೆ. ಆ ಮನೆಯ ತಾಯಿ ಹೊಸ ಊರಿನ ಕೆಲವು ಮನೆಗಳಲ್ಲಿ ಕಸಮುಸುರೆ ಮಾಡುತ್ತಾರೆ. ಹಕ್ಕುಪತ್ರ ಕೈಗೆ ಬಂದ ದಿನ ಅವರು ಪಟ್ಟ ಸಂತೋಷ ನಿಜವಾದದ್ದು. ಆದರೆ ಬೆಳಗಿನ ಮೊದಲ ಬಸ್ಸು ಬರುವ ಹೊತ್ತಿಗೆ ಅವರು ಮೊದಲ ಮನೆಯ ಪಾತ್ರೆ ಮುಗಿಸಿರಬೇಕಿತ್ತು. ಹಾಗಾಗಿ ಆಟೋ ಹಿಡಿಯಬೇಕಾಯಿತು, ಮನೆ ಬಾಡಿಗೆಯಲ್ಲಿ ಉಳಿದ ಹಣ ಆಟೋ ಬಾಡಿಗೆಗೆ ಹೋಯಿತು, ಸಂಜೆಯ ಒಂದು ಮನೆಯ ಕೆಲಸ ಬಿಡಬೇಕಾಯಿತು. ಜೂನ್ 2023ರಿಂದ ಜಾರಿಯಲ್ಲಿರುವ ಶಕ್ತಿ ಯೋಜನೆ ಹೆಣ್ಣುಮಕ್ಕಳಿಗೆ ಸರ್ಕಾರಿ ಬಸ್ಸಿನ ಟಿಕೆಟ್ ಉಚಿತವಾಗಿಸಿದೆ. ಅದೊಂದು ದೊಡ್ಡ ಉಪಕಾರ, ಅದರಲ್ಲಿ ನನಗೆ ಸಂಶಯವಿಲ್ಲ. ಆದರೆ ಆ ಬಸ್ಸು ಬಡಾವಣೆಯ ಒಳಗೆ ಬಾರದಿದ್ದರೆ, ಬಂದರೂ ಕೆಲಸದ ಹೊತ್ತಿಗೆ ಬಾರದಿದ್ದರೆ, ಉಚಿತ ಟಿಕೆಟ್ಟಿನಿಂದ ಆ ತಾಯಿಗೆ ಬರುವ ಲಾಭವೇನು?

ಆದ್ದರಿಂದ ನನ್ನ ಮೊದಲ ಬೇಡಿಕೆ ಹೀಗಿದೆ. ಹೊಸ ಬಡಾವಣೆ ಖಾಸಗಿಯದ್ದಾಗಲಿ ಸರ್ಕಾರದ್ದಾಗಲಿ, ಅದರ ನಕ್ಷೆಗೆ ಅಂತಿಮ ಒಪ್ಪಿಗೆ ಕೊಡುವ ಮೊದಲು ಬಸ್ಸು ಒಳಗೆ ಬಂದು ತಿರುಗಲು ರಸ್ತೆ ಎಲ್ಲಿದೆ, ನಿಲ್ದಾಣಕ್ಕೆ ಜಾಗ ಎಲ್ಲಿದೆ, ಮೊದಲ ಮತ್ತು ಕೊನೆಯ ಬಸ್ಸಿನ ಸಮಯವೇನು ಎಂಬುದನ್ನು ಕೆಎಸ್‌ಆರ್‌ಟಿಸಿ ಲಿಖಿತವಾಗಿ ತಿಳಿಸಬೇಕು. ಉದ್ಯಾನಕ್ಕೆ ಜಾಗ ಬಿಡಬೇಕೆಂಬ ನಿಯಮ ಇರುವಾಗ ಬಸ್ಸಿಗೂ ಜಾಗ ಬಿಡಬೇಕೆಂಬ ನಿಯಮ ಇರುವುದು ಅಸಾಧ್ಯವಲ್ಲ. ಬಸ್ಸುಗಳಿಗೆ ಹಣವೆಲ್ಲಿ ಎಂದು ಕೇಳುವವರಿಗೂ ಒಂದು ಮಾತು ಹೇಳಬೇಕು: ಕೇಂದ್ರ ಸರ್ಕಾರ 2023ರಲ್ಲಿ ಒಪ್ಪಿಗೆ ಕೊಟ್ಟ ಪಿಎಂ ಇ-ಬಸ್ ಸೇವಾ ಯೋಜನೆ 3 ಲಕ್ಷದಿಂದ 40 ಲಕ್ಷ ಜನಸಂಖ್ಯೆಯ ನಗರಗಳಿಗಾಗಿಯೇ ರೂಪುಗೊಂಡದ್ದು, ನಮ್ಮ ಊರಿನ ಗಾತ್ರ ಆ ಅಳತೆಯೊಳಗೇ ಇದೆ. ಹೊಸ ಬಸ್ಸುಗಳು ಬಂದಾಗ ಅವು ಹಳೇ ಬಸ್ಸುಗಳ ಹಿಂದೆಯೇ ಅದೇ ಮುಖ್ಯ ರಸ್ತೆಯಲ್ಲಿ ಓಡಬೇಕೋ ಅಥವಾ ಊರಂಚಿನ ಮನೆಗಳವರೆಗೆ ಹೋಗಬೇಕೋ ಎಂಬುದನ್ನು ನಾವು ಈಗಲೇ ಕೇಳಬೇಕು.

ಬಸ್ಸು ಇಳಿದ ಮೇಲೂ ನಡೆಯಲೇಬೇಕು. ನಮ್ಮ ರಸ್ತೆಗಳಲ್ಲಿ ಪಾದಚಾರಿ ಮಾರ್ಗ ಎಂದರೆ ಬಹುತೇಕ ಚರಂಡಿಯ ಮೇಲೆ ಹಾಸಿದ ಕಾಂಕ್ರೀಟ್ ಚಪ್ಪಡಿ. ಅಂಗಡಿಯ ಮುಂದೆ ಬೈಕ್ ಹತ್ತಿಸಲು ಇಳಿಜಾರು, ಅದನ್ನು ದಾಟಿದರೆ ಟ್ರಾನ್ಸ್‌ಫಾರ್ಮರ್ ಕಟ್ಟೆ, ಅದರಾಚೆ ಎತ್ತಿಟ್ಟು ಮರೆತ ಚಪ್ಪಡಿಯ ಬಾಯಿ. ಮೊಣಕಾಲು ನೋವಿರುವ ಹಿರಿಯರು ಅದನ್ನು ಹತ್ತಿ ಇಳಿಯುವ ಬದಲು ವಾಹನಗಳ ನಡುವೆ ರಸ್ತೆಯಲ್ಲೇ ನಡೆಯುತ್ತಾರೆ. ವಸತಿ ಪ್ರದೇಶದಲ್ಲೂ ಕನಿಷ್ಠ 1.8 ಮೀಟರ್ ಅಡೆತಡೆಯಿಲ್ಲದ ಅಗಲ ಇರಬೇಕೆಂದು ರಸ್ತೆಗಳ ಮಾನದಂಡ ರೂಪಿಸುವ ಸಂಸ್ಥೆಯಾದ ಇಂಡಿಯನ್ ರೋಡ್ಸ್ ಕಾಂಗ್ರೆಸ್‌ನ ಮಾರ್ಗಸೂಚಿ ಹೇಳುತ್ತದೆ. ಅದನ್ನು ಪಾಲಿಸಬೇಕೆಂದರೆ ಬೀದಿಬದಿ ವ್ಯಾಪಾರಿಗಳನ್ನು ಎಬ್ಬಿಸಬೇಕು ಎನ್ನುವ ವಾದವನ್ನು ನಾನು ಒಪ್ಪುವುದಿಲ್ಲ. 2014ರ ಬೀದಿಬದಿ ವ್ಯಾಪಾರಿಗಳ ಕಾಯ್ದೆ ಪಟ್ಟಣ ವ್ಯಾಪಾರ ಸಮಿತಿಯಲ್ಲಿ ಕನಿಷ್ಠ ಶೇ 40ರಷ್ಟು ಸ್ಥಾನವನ್ನು ವ್ಯಾಪಾರಿಗಳಿಗೇ ಕೊಟ್ಟಿದೆ. ಸೊಪ್ಪು ಮಾರುವ ಅಜ್ಜಿಗೆ ಎಲ್ಲಿ ಕೂತರೆ ವ್ಯಾಪಾರವಾಗುತ್ತದೆ, ಎಲ್ಲಿ ಕೂತರೆ ದಾರಿಗೆ ಅಡ್ಡಿಯಾಗುವುದಿಲ್ಲ ಎಂಬುದು ಅವರಿಗೇ ಚೆನ್ನಾಗಿ ಗೊತ್ತು.

ಹಳಿಯ ಪ್ರಶ್ನೆಯೂ ನಡೆಯುವವರದ್ದೇ. ಅಶೋಕ ರಸ್ತೆಯ ರೈಲ್ವೆ ಗೇಟ್ ದಶಕಗಳ ಕಾಲ ಈ ಊರನ್ನು ದಿನಕ್ಕೆ ಎಷ್ಟೋ ಬಾರಿ ಎರಡು ಭಾಗ ಮಾಡಿ ನಿಲ್ಲಿಸುತ್ತಿತ್ತು. ಕೆಳಸೇತುವೆಗಳನ್ನು ಕಟ್ಟುವಾಗ ಕಾರು ಎಷ್ಟು ಬೇಗ ದಾಟುತ್ತದೆ ಎಂಬ ಲೆಕ್ಕದ ಜೊತೆಗೆ, ಹಳೇ ಊರಿನಿಂದ ಚಿಗಟೇರಿ ಆಸ್ಪತ್ರೆಗೆ ನಡೆದು ಹೋಗುವ ಗರ್ಭಿಣಿ ಮಳೆಗಾಲದಲ್ಲಿ ಹೇಗೆ ದಾಟುತ್ತಾಳೆ ಎಂಬ ಲೆಕ್ಕವೂ ಇರಬೇಕು.

ಈಗ ತೀರ್ಮಾನ ಮಾಡುವವರು ಯಾರು ಎಂಬ ಪ್ರಶ್ನೆಗೆ ಬರುತ್ತೇನೆ, ಏಕೆಂದರೆ ಉಳಿದ ಎಲ್ಲ ಸಮಸ್ಯೆಗಳ ಗಂಟು ಇಲ್ಲೇ ಇದೆ. ಸ್ಮಾರ್ಟ್ ಸಿಟಿಯ ಹಣವನ್ನು ಖರ್ಚು ಮಾಡಿದ್ದು ರಾಜ್ಯ ಸರ್ಕಾರ ಮತ್ತು ಪಾಲಿಕೆ ಸಮಪಾಲು ಹೊಂದಿದ, ಕಂಪನಿ ಕಾಯ್ದೆಯಡಿ ನೋಂದಾಯಿಸಿದ ಒಂದು ಕಂಪನಿ. ಕೆಲಸ ಬೇಗ ಆಗಲಿ ಎಂಬ ಉದ್ದೇಶ ಅದರ ಹಿಂದೆ ಇತ್ತು. ಆದರೆ ಒಂದು ಬೀದಿಯ ಜನ ಕಂಪನಿಯ ಆಡಳಿತ ಮಂಡಳಿಯ ಸಭೆಗೆ ಹೋಗಿ, ನಮ್ಮ ರಸ್ತೆಯಲ್ಲಿ ಮೊದಲು ಒಳಚರಂಡಿ ಸರಿಮಾಡಿ, ಅಲಂಕಾರಿಕ ದೀಪ ಆಮೇಲೆ ಹಾಕಿ ಎಂದು ಹೇಳಲು ದಾರಿ ಇರಲಿಲ್ಲ. ಸಂವಿಧಾನದ 243ಎಸ್ ವಿಧಿಯ ಪ್ರಕಾರ 3 ಲಕ್ಷ ಅಥವಾ ಅದಕ್ಕಿಂತ ಹೆಚ್ಚು ಜನಸಂಖ್ಯೆಯ ನಗರಗಳಲ್ಲಿ ವಾರ್ಡ್ ಸಮಿತಿಗಳು ಇರಲೇಬೇಕು. ಕರ್ನಾಟಕದ ಮಹಾನಗರ ಪಾಲಿಕೆಗಳ ಕಾಯ್ದೆಯಲ್ಲಿ ವಾರ್ಡ್ ಸಮಿತಿಗೂ ಅದರ ಕೆಳಗೆ ಆಯಾ ಪ್ರದೇಶದ ಮತದಾರರೇ ಸೇರುವ ಏರಿಯಾ ಸಭೆಗೂ ಅವಕಾಶವಿದೆ. ಮಂಗಳೂರಿನ ನಾಗರಿಕರು ಹೈಕೋರ್ಟ್ ಮೆಟ್ಟಿಲೇರಿ ತಮ್ಮ ಊರಿನಲ್ಲಿ ಈ ಸಮಿತಿಗಳನ್ನು ರಚಿಸುವಂತೆ ಮಾಡಿದರು. ಕಾಯ್ದೆ ಅವರಿಗೂ ನಮಗೂ ಒಂದೇ.

ಇಂತಹ ಸಮಿತಿಗಳು ಬಂದರೆ ತಮ್ಮ ಅಧಿಕಾರ ಕಡಿಮೆಯಾಗುತ್ತದೆ ಎಂದು ಕೆಲವು ಕಾರ್ಪೊರೇಟರ್‌ಗಳು ಭಾವಿಸುವುದು ಸಹಜ. ಆದರೆ ಬೀದಿಯ ಜನ ಒಪ್ಪಿ ಬರೆದುಕೊಟ್ಟ ಪಟ್ಟಿಯನ್ನು ಕೈಯಲ್ಲಿ ಹಿಡಿದು ಆಯುಕ್ತರ ಮುಂದೆ ನಿಲ್ಲುವ ಸದಸ್ಯರ ಮಾತಿಗೆ ತೂಕ ಹೆಚ್ಚು ಎಂಬುದು ನನ್ನ ದೃಢವಾದ ನಂಬಿಕೆ. ಸಮಿತಿಗಳಲ್ಲಿ ಸ್ವಂತ ಮನೆಯವರೇ ತುಂಬಿಕೊಳ್ಳುವ ಅಪಾಯವೂ ಇದೆ, ಅದನ್ನು ಮೊದಲೇ ತಡೆಯಬೇಕು. ಈ ಊರು ಬಾಡಿಗೆದಾರರ ಊರೂ ಹೌದು. ನರ್ಸಿಂಗ್ ಓದುವ ಹುಡುಗಿಯರು, ಎಪಿಎಂಸಿಯ ಹಮಾಲರು, ಬಟ್ಟೆ ಅಂಗಡಿಯ ಸಹಾಯಕರು ಬಾಡಿಗೆ ಕೋಣೆಗಳಲ್ಲಿ ಇದ್ದಾರೆ, ಮತ್ತು ನಮ್ಮ ವಸತಿ ಯೋಜನೆಗಳಲ್ಲಿ ಅವರ ಹೆಸರೇ ಕಾಣಿಸುವುದಿಲ್ಲ. ಮಾರುಕಟ್ಟೆಗೂ ಬಸ್ ನಿಲ್ದಾಣಕ್ಕೂ ನಡೆಯುವ ದೂರದಲ್ಲಿ ಪಾಲಿಕೆಯ ಜಾಗವಿದ್ದರೆ, ಅಲ್ಲಿ ಇನ್ನೊಂದು ವಾಣಿಜ್ಯ ಮಳಿಗೆ ಕಟ್ಟುವ ಮೊದಲು ಕೈಗೆಟಕುವ ಬಾಡಿಗೆ ಮನೆಗಳ ಬಗ್ಗೆ ಯೋಚಿಸಬೇಕು.

ನಿಮ್ಮ ವಾರ್ಡಿನಲ್ಲಿ ಸಮಿತಿ ಇದೆಯೇ, ಇದ್ದರೆ ಕೊನೆಯ ಸಭೆ ಯಾವಾಗ ನಡೆಯಿತು, ನಡಾವಳಿಯ ಪ್ರತಿ ಎಲ್ಲಿ ಸಿಗುತ್ತದೆ ಎಂದು ಪಾಲಿಕೆಗೆ ಒಂದು ಅರ್ಜಿ ಬರೆಯಿರಿ. ಜೊತೆಗೆ ನಿಮ್ಮ ಬೀದಿಯ ಒಂದು ಕೈನಕ್ಷೆ ಇಡಿ: ಬಸ್ಸು ನಿಲ್ಲುವ ಜಾಗ, ಚಪ್ಪಡಿ ಇಲ್ಲದ ಚರಂಡಿ, ರಾತ್ರಿ ಕತ್ತಲಿರುವ ತಿರುವು, ಮಕ್ಕಳು ರಸ್ತೆ ದಾಟುವ ಕಡೆ, ಖಾಲಿ ಬಿದ್ದಿರುವ ಸರ್ಕಾರಿ ನಿವೇಶನ. ಅದೇ ಅರ್ಜಿಯ ಒಂದು ಪ್ರತಿಯನ್ನು ದೂಡಾಕ್ಕೂ ಇನ್ನೊಂದನ್ನು ಕೆಎಸ್‌ಆರ್‌ಟಿಸಿ ವಿಭಾಗೀಯ ಕಚೇರಿಗೂ ಕೊಟ್ಟು, ಮೂರೂ ಕಡೆ ಸ್ವೀಕೃತಿಯ ಮೊಹರು ಹಾಕಿಸಿಕೊಳ್ಳಿ.