ಎಟಿವಿ ಬ್ಲಾಕ್ ಹೋಯ್ತಾ? ಬೋರಿಂಗ್‌ಗೆ ಕೊಡೋ ಮುಂಚೆ ಇದನ್ನು ನೋಡಿ

[ದೃಶ್ಯ: ಶಹಾಬಾದ್ ಕಲ್ಲಿನ ಕಟ್ಟೆಯ ಮೇಲೆ ಎರಡು ಸಿಲಿಂಡರ್ ಬ್ಲಾಕ್]

ನಮಸ್ಕಾರ. ಎಟಿವಿ ಅಂದರೆ ಕಚ್ಚಾ ದಾರಿಯಲ್ಲೂ ಓಡುವ ನಾಲ್ಕು ಚಕ್ರದ ಗಾಡಿ. ಅದರ ಎಂಜಿನ್‌ನಲ್ಲಿ ಪಿಸ್ಟನ್ ಓಡಾಡುವ ತೂತಿಗೆ ಬೋರ್ ಅಂತಾರೆ, ಅದನ್ನು ಕೊರೆದು ಅಗಲ ಮಾಡುವುದೇ ಬೋರಿಂಗ್. ಹೊರಗಿನಿಂದ ಇವೆರಡೂ ಅಲ್ಯೂಮಿನಿಯಂ ಬ್ಲಾಕ್‌ಗಳೇ. ಆದರೆ ಒಂದನ್ನು ಕಲಬುರಗಿಯಲ್ಲೇ ಬೋರಿಂಗ್ ಮಾಡಿಸಿ ಮತ್ತೆ ಓಡಿಸಬಹುದು. ಇನ್ನೊಂದನ್ನು ಅದೇ ಮಷಿನ್‌ಗೆ ಕಟ್ಟಿದರೆ ಬ್ಲಾಕ್ ಹಾಳು.

[ಹತ್ತಿರದ ದೃಶ್ಯ: ಬೋರಿನ ಮೇಲಂಚು]

ಇಲ್ಲಿ ನೋಡಿ. ಮೊದಲನೆಯದರಲ್ಲಿ ಬೋರಿನ ಸುತ್ತ ಬೇರೆ ಲೋಹದ ಗೆರೆ ಕಾಣುತ್ತಿದೆ ಅಲ್ವಾ? ಅದು ಬೀಡುಕಬ್ಬಿಣದ ಸ್ಲೀವ್, ಅಂದರೆ ಒಳಗೆ ಕೂರಿಸಿದ ಕೊಳವೆ. ಲೈನರ್ ಅಂತಲೂ ಕರೆಯುತ್ತಾರೆ. ಎರಡನೆಯದರಲ್ಲಿ ಆ ಗೆರೆಯೇ ಇಲ್ಲ. ಅಲ್ಯೂಮಿನಿಯಂ ಮೇಲೆ ನೇರವಾಗಿ ನಿಕಾಸಿಲ್ ಲೇಪ ಕೊಟ್ಟಿದ್ದಾರೆ. ಅಂದರೆ ನಿಕಲ್, ಅದರೊಳಗೆ ಸಿಲಿಕಾನ್ ಕಾರ್ಬೈಡ್ ಕಣಗಳು. 1960ರ ದಶಕದಲ್ಲಿ ಜರ್ಮನಿಯ ಮಾಲೆ ಕಂಪನಿ ವಾಂಕೆಲ್ ಎಂಜಿನ್‌ಗಾಗಿ ಇದನ್ನು ತಯಾರಿಸಿತು. ಕೆಲವರು ಅಯಸ್ಕಾಂತ ಇಟ್ಟು, ಅಂಟಿದರೆ ಸ್ಲೀವ್ ಅಂತ ನೋಡುತ್ತಾರೆ. ಆದರೆ ನಿಕಲ್ ಕೂಡ ಅಯಸ್ಕಾಂತಕ್ಕೆ ಅಂಟುವ ಲೋಹವೇ. ಹಾಗಾಗಿ ಗೆರೆ ನೋಡುವುದೇ ವಾಸಿ.

ನಮ್ಮ ಕಡೆ ಎಟಿವಿ ಕಡಿಮೆ, ನಿಜ. ಆದರೆ ಆರ್‌ಎಕ್ಸ್100 ಬೈಕ್ ಬಿಚ್ಚಿದವರಿಗೆ ಸ್ಲೀವ್ ಗೊತ್ತು. ಕೆಟಿಎಂ 390 ಡ್ಯೂಕ್ ಬಿಚ್ಚಿದವರಿಗೆ ನಿಕಾಸಿಲ್ ಗೊತ್ತು. ಎಟಿವಿಗಳಲ್ಲಿ ನೋಡಿದರೆ, ಮಕ್ಕಳು ಓಡಿಸುವ 110 ಸಿಸಿ ಗಾಡಿಗಳಲ್ಲಿ ಸಾಮಾನ್ಯವಾಗಿ ಸ್ಲೀವ್ ಇರುತ್ತದೆ. ಯಮಹಾ ವೈಎಫ್‌ಝಡ್450 ತರದ ರೇಸ್ ಗಾಡಿಗಳಲ್ಲಿ ಲೇಪ.

ಸ್ಲೀವ್ ಸವೆದರೆ ದಾರಿ ಸುಲಭ. ಬೋರ್ ಗೇಜ್ ಹಾಕಿ ಮೇಲೆ, ನಡುವೆ, ಕೆಳಗೆ ಅಳತೆ ತೆಗೆಯಬೇಕು. ಗೋಡೆ ಬರೀ ನುಣುಪಾಗಿದ್ದರೆ ಹೋನಿಂಗ್ (ಗೋಡೆಯನ್ನು ಸಣ್ಣಗೆ ಉಜ್ಜಿ ಗೀರು ಹಾಕುವುದು), ಹೊಸ ರಿಂಗ್ ಸಾಕು. ಸವೆತ ಇದ್ದರೆ ರೀಬೋರ್. ಮೊದಲಿನ ಸೈಜಿಗಿಂತ 0.25, 0.50 ಮಿಲಿಮೀಟರ್ ಹೀಗೆ ದೊಡ್ಡದಾದ ಓವರ್‌ಸೈಜ್ ಪಿಸ್ಟನ್ ಬರುತ್ತವೆ. ಒಂದು ಮಾತು: ಪಿಸ್ಟನ್ ಕೈಗೆ ಬಂದ ಮೇಲೇ ಬೋರ್ ಕೊರೆಸಿ. ಕೊರೆದ ಮೇಲೆ ಆ ಸೈಜ್ ಸಿಗದಿದ್ದರೆ ಗಾಡಿ ಮೂಲೆಗೇ. ಕೊನೆಯ ಓವರ್‌ಸೈಜೂ ಮುಗಿದರೆ ಹೊಸ ಸ್ಲೀವ್ ಕೂರಿಸಬಹುದು.

ನಿಕಾಸಿಲ್‌ಗೆ ಓವರ್‌ಸೈಜ್ ಅನ್ನೋದೇ ಇಲ್ಲ ಅಂತ ಇಟ್ಟುಕೊಳ್ಳಿ. ಲೇಪದ ದಪ್ಪ 0.1 ಮಿಲಿಮೀಟರ್ ಆಸುಪಾಸು. ಕೊರೆದರೆ ಕೆಳಗಿನ ಮೆತ್ತನೆ ಅಲ್ಯೂಮಿನಿಯಂ ಹೊರಗೆ ಬರುತ್ತದೆ. ಅದರ ಮೇಲೆ ಪಿಸ್ಟನ್ ಬಾಳುವುದಿಲ್ಲ.

ಆದರೆ ಪಿಸ್ಟನ್ ಸಿಕ್ಕಿಕೊಂಡು ಎಂಜಿನ್ ಸೀಜ್ ಆಯ್ತು ಅಂದ ಮಾತ್ರಕ್ಕೆ ಲೇಪ ಹೋಗಿದೆ ಅಂದುಕೊಳ್ಳಬೇಡಿ. ಎಷ್ಟೋ ಸಲ ಕಾಣುವ ಗೀರು, ಪಿಸ್ಟನ್ನಿನ ಅಲ್ಯೂಮಿನಿಯಂ ಗೋಡೆಗೆ ಮೆತ್ತಿಕೊಂಡಿರೋದು ಅಷ್ಟೇ. ಆಸಿಡ್ ಹಾಕಿ ಅದನ್ನು ತೆಗೆಯಬಹುದು, ಕೆಳಗೆ ಲೇಪ ಹಾಗೇ ಇರುತ್ತದೆ. ಕೆಲಸ ಗೊತ್ತಿರುವವರೇ ಮಾಡಲಿ. ಬ್ಲಾಕೂ ಅಲ್ಯೂಮಿನಿಯಮ್ಮೇ, ಆಸಿಡ್ ಅದನ್ನೂ ತಿನ್ನುತ್ತದೆ.

ಲೇಪ ನಿಜವಾಗಿ ಎದ್ದಿದ್ದರೆ ಮರುಲೇಪ ಮಾಡಿಸಬೇಕು. ಹಳೆಯದನ್ನು ಕಿತ್ತು, ಆಳದ ಗಾಯವನ್ನು ವೆಲ್ಡ್ ಮಾಡಿ ತುಂಬಿ, ಹೊಸ ಲೇಪ ಕೊಟ್ಟು, ಡೈಮಂಡ್ ಹೋನಿಂಗ್ ಮಾಡುತ್ತಾರೆ. ಬೋರ್ ಮೊದಲಿನ ಸೈಜಿಗೇ ಬರುತ್ತದೆ. ಇದು ಸಾಮಾನ್ಯ ಬೋರಿಂಗ್ ಅಂಗಡಿಯ ಕೆಲಸ ಅಲ್ಲ, ಬ್ಲಾಕನ್ನು ಹೊರಗೆ ಕಳಿಸಬೇಕು.

ಇಲ್ಲದಿದ್ದರೆ ನಿಕಾಸಿಲ್ ಬ್ಲಾಕನ್ನೇ ಕೊರೆದು, ಬಿಸಿ ಮಾಡಿ, ಕಬ್ಬಿಣದ ಸ್ಲೀವ್ ಇಳಿಸುವುದು. ಕೆಲಸ ಆಗುತ್ತದೆ, ಆದರೆ ಬಿಸಿ ಹೊರಗೆ ಹೋಗುವುದು ನಿಧಾನ. ಕಬ್ಬಿಣ ಬಿಸಿಗೆ ಹಿಗ್ಗುವುದು ಅಲ್ಯೂಮಿನಿಯಂನ ಸುಮಾರು ಅರ್ಧದಷ್ಟು. ಪಿಸ್ಟನ್ ಹಿಗ್ಗುತ್ತದೆ, ಗೋಡೆ ಅಷ್ಟು ಹಿಗ್ಗುವುದಿಲ್ಲ. ಹಾಗಾಗಿ ನಿಕಾಸಿಲ್ ಬೋರಿಗೆ ಕೊಡುವ ಕ್ಲಿಯರೆನ್ಸನ್ನೇ (ಪಿಸ್ಟನ್ ಮತ್ತು ಗೋಡೆ ನಡುವಿನ ಸಂದು) ಸ್ಲೀವ್‌ಗೂ ಕೊಟ್ಟರೆ, ಮೇ ತಿಂಗಳ ನಮ್ಮ ಬಿಸಿಲಲ್ಲಿ ಮತ್ತೆ ಸೀಜ್ ಆಗಬಹುದು. ಸ್ಲೀವ್ ಕೂರಿಸುವವರ ಹತ್ತಿರ ಇದನ್ನು ಕೇಳಲೇಬೇಕು.

ನನ್ನ ಲೆಕ್ಕ ಇಷ್ಟು. ತೊಗರಿ ಹೊಲದಲ್ಲಿ ನಿಧಾನಕ್ಕೆ ಓಡುವ ಗಾಡಿಯಾದರೆ ಸ್ಲೀವ್ ಹಾಕಿಸಿ. ಮುಂದಿನ ಸಲ ಇಲ್ಲೇ ರೀಬೋರ್ ಆಗುತ್ತದೆ. ಜೋರಾಗಿ ತಿರುಗುವ ರೇಸ್ ಎಂಜಿನ್‌ಗೆ ಮರುಲೇಪವೇ ಸರಿ, ದುಡ್ಡು ಜಾಸ್ತಿಯಾದರೂ.

[ದೃಶ್ಯ: ಧೂಳು ತುಂಬಿದ ಏರ್ ಫಿಲ್ಟರ್]

ಬೋರ್ ಸವೆಯೋದು ಯಾಕೆ ಅಂದರೆ, ಬಹಳ ಸಲ ಈ ಧೂಳಿನಿಂದ. ಸೇಡಂ ರಸ್ತೆ ಪಕ್ಕದ ಸುಣ್ಣಕಲ್ಲಿನ ಬಿಳಿ ಪುಡಿ ನೋಡಿ ಜನ ಹೆದರುತ್ತಾರೆ. ಅದು ಮೆತ್ತಗಿನ ಕಲ್ಲು. ಕೊರೆಯೋದು ಮರಳಿನ ಸಣ್ಣ ಕಣ, ಅದು ಕಬ್ಬಿಣಕ್ಕಿಂತ ಗಟ್ಟಿ. ಫೋಮ್ ಫಿಲ್ಟರ್ ತೊಳೆದು, ಪೂರ್ತಿ ಒಣಗಿಸಿ, ಫಿಲ್ಟರ್ ಆಯಿಲ್ ಹಚ್ಚಿ. ಏರ್ ಬಾಕ್ಸ್‌ನಿಂದ ಕಾರ್ಬುರೇಟರ್‌ಗೆ ಹೋಗುವ ರಬ್ಬರ್ ಪೈಪನ್ನು ಬಗ್ಗಿಸಿ ಬಿರುಕು ನೋಡಿ. ಅಲ್ಲಿ ಸೀಳು ಬಿಟ್ಟಿದ್ದರೆ ಫಿಲ್ಟರ್ ಎಷ್ಟು ಚೆನ್ನಾಗಿದ್ದೂ ಸುಮ್ನೆ.